ಕರ್ನಲ್‌ಗೆ ವಿಷ ಹಾಕಿದವರು ಯಾರು?

ಅಕ್ಟೋಬರ್ 22, 1962, ಸೋಮವಾರ

ಗಂಟಲು ಕೂತಿದೆ. ಬೆಳಿಗ್ಗೆ ಪೇಪರ್, ಮಧ್ಯಾಹ್ನ ಕಾದಂಬರಿ. ಕಾರ್ಖಾನೆಯ ಇಡೀ ಹಾಲ್ ಸಿಗಾರ್ ಸುತ್ತುತ್ತಿರುವಾಗ ಎತ್ತರದ ಕುರ್ಚಿಯಲ್ಲಿ ಕೂತು, ಮೈಕ್ ಇಲ್ಲದೆ ಎಲ್ಲರಿಗೂ ಕೇಳುವಂತೆ ಓದುವ ಕೆಲಸವೆಂದರೆ ಹುಡುಗಾಟವೇ? ಆದರೂ ಇವತ್ತು ಏನು ಮಜಾ! ಕಾದಂಬರಿಯ ಕರ್ನಲ್ ಸತ್ತ. ಬಿಸಿ ಚಾಕಲೇಟಿನಲ್ಲಿ ವಿಷ. ತಂಬಾಕಿನ ಎಲೆ ಕತ್ತರಿಸುವ ಚೂರಿಗಳೆಲ್ಲ ಹಲಗೆಯ ಮೇಲೆ ಟಕಟಕ ಬಡಿದವು. ಓದುವವಳಿಗೆ ಅದೇ ಚಪ್ಪಾಳೆ. ಹಿಡಿಸದಿದ್ದರೆ ಚೂರಿ ನೆಲಕ್ಕೆ ಎಸೆಯುತ್ತಾರೆ — ದೇವರ ದಯೆ, ನನಗಿನ್ನೂ ಆ ಗತಿ ಬಂದಿಲ್ಲ.

ಮುಂದಿನ ಬೆಂಚಿನ ರುಫೀನೊ ಬಾಗಿಲಲ್ಲಿ ಅಡ್ಡ ನಿಂತ. ವಿಷ ಹಾಕಿದ್ದು ಯಾರು ಹೇಳು ಅಂದ. ನನಗೇ ಗೊತ್ತಿಲ್ಲ, ಮುಂದಿನ ಪುಟ ನಾನೂ ಮೊದಲೇ ನೋಡುವುದಿಲ್ಲ ಅಂದೆ. ನಂಬಲಿಲ್ಲ. ಹಲ್ಲು ಕಿರಿದು ಹೋದ. ಅವನು ಹಲ್ಲು ಕಿರಿದರೆ ನಾನೇಕೆ ಬೆವರಬೇಕು?

ಸಂಜೆ

ರೇಡಿಯೊ. ಅಮೆರಿಕದ ಅಧ್ಯಕ್ಷರ ಭಾಷಣವಂತೆ. ರಷ್ಯದವರು ನಮ್ಮ ಕ್ಯೂಬಾದಲ್ಲಿ ಅಣುಬಾಂಬಿನ ರಾಕೆಟ್ ಇಟ್ಟಿದ್ದಾರಂತೆ. ಹಡಗು ನಿಲ್ಲಿಸಿ ದ್ವೀಪ ಸುತ್ತುವರಿಯುತ್ತಾರಂತೆ. ಈಗ ಗೊತ್ತಾಯಿತೇ ಇವರಿಗೆ! ಒಂದೇ ಅಂಗಡಿಯಲ್ಲಿ ಕೊಂಡಂಥ ಚೌಕಳಿ ಅಂಗಿ ತೊಟ್ಟ ರಷ್ಯದ 'ಕೃಷಿ ತಜ್ಞರು' ತಾಳೆಮರದಷ್ಟು ಉದ್ದದ ಸಾಮಾನು ಸಾಗಿಸಿದ್ದನ್ನು ನಮ್ಮೂರ ಕೋಳಿಗಳೂ ನೋಡಿವೆ.

ಅಕ್ಟೋಬರ್ 23

ಗಂಡಸರೆಲ್ಲ ಕಂದಕಕ್ಕೆ, ಸಮುದ್ರದ ದಂಡೆಗೆ. ರುಫೀನೊ ಕೂಡ. ಟ್ರಕ್ಕಿನಿಂದ ಕೈ ಬೀಸಿದ, ಮದುವೆಗೆ ಹೊರಟವನ ಹಾಗೆ. ನಮಗೂ ರೈಫಲ್ ಕೊಟ್ಟರು, ಬೆಂಚಿಗೆ ಒರಗಿಸಿಟ್ಟುಕೊಂಡೇ ಹೆಂಗಸರು ಸಿಗಾರ್ ಸುತ್ತಿದರು. ಪೇಪರ್ ಓದುವಾಗ ಒಂದೇ ಸಾಲು ಎರಡು ಸಲ ಓದಿದೆ. ಭಯಕ್ಕಲ್ಲ... ಇಡೀ ಪ್ರಪಂಚ ನಮ್ಮತ್ತ ನೋಡುತ್ತಿದೆಯಲ್ಲ! ಹೀಗೆ ಖುಷಿಯಾಗುವುದು ತಪ್ಪೇನೋ.

ಅಕ್ಟೋಬರ್ 25, ಮಧ್ಯಾಹ್ನ

ಹಾಲ್‌ನಲ್ಲಿ ಜಗಳ. ಹಾಲ್‌ನ ಓದು ನೋಡಿಕೊಳ್ಳುವ ಕೆಲಸಗಾರರ ಸಮಿತಿಗೆ ಎವೆಲಿಯಾಳೇ ಯಜಮಾನಿ, ಹಲ್ಲಿಲ್ಲದಿದ್ದರೂ ಬಾಯಿ ಜೋರು. ಪುಸ್ತಕದ ಕೊನೆ ಈಗಲೇ ಓದು ಅಂತ ಹಟ ಹಿಡಿದಳು.

"ಬಾಂಬ್ ಬಿದ್ರೆ ಬೀಳ್ಲಿ ಕಣೇ ಆಂಪಾರೊ. ವಿಷ ಹಾಕಿದ್ದು ಯಾರು ಅಂತ ಗೊತ್ತಾಗ್ದೆ ನಾನಂತೂ ಸಾಯಲ್ಲ."

ಎಲ್ಲರೂ ನಕ್ಕರು. ಎಲ್ಲರೂ ಓಟು ಹಾಕಿ ಆರಿಸಿದ ಪುಸ್ತಕ, ಗಂಡಸರನ್ನು ಬಿಟ್ಟು ಮುಗಿಸುವ ಹಾಗಿಲ್ಲ ಅಂದೆ. ಹಾಗಾದರೆ ಹೋಗಿ ಅವರಿಗೂ ಓದು, ಅವರು ಹೂಂ ಅಂದರೆ ನಮಗೂ ಮುಗಿಸು ಅಂತ ತೀರ್ಮಾನವಾಯಿತು. ಶನಿವಾರ ಊಟದ ಟ್ರಕ್ಕಿನಲ್ಲಿ ನಾನು! ಕಂದಕಕ್ಕೆ!

ಅಕ್ಟೋಬರ್ 27, ಶನಿವಾರ

ಹೋಗಿ ಬಂದೆ. ಬಟ್ಟೆ ಬದಲಾಯಿಸಿಲ್ಲ, ಮೊದಲು ಬರೆಯಬೇಕು.

ಮಳೆ. ಮೊಣಕಾಲುದ್ದ ಕೆಸರು. ಕರಿ ಬೀನ್ಸ್ ಅನ್ನ ತಿನ್ನುತ್ತ ಅವರು ಕೂತರು, ಟಾರ್ಪಾಲಿನ ಕೆಳಗೆ ನಾನು ಓದಿದೆ. ಅಮೆರಿಕದ ವಿಮಾನಗಳು ತಲೆ ಸವರುವಷ್ಟು ಕೆಳಗೆ ಹಾರಿದವು, ಕಿವಿ ಗುಂಯ್ ಅಂದಿತು. ಪೂರ್ವದಲ್ಲಿ ಒಂದನ್ನು ಹೊಡೆದು ಬೀಳಿಸಿದ್ದಾರಂತೆ, ಇನ್ನು ಬಾಂಬ್ ಬಿದ್ದಂತೆಯೇ ಅಂದರು. ಅಂದವರೇ ಮುಂದೆ ಓದು ಅಂದರು. ವಿಷ ಹಾಕಿದ್ದು ವಿಧವೆಯೋ, ಅಡುಗೆಯವಳೋ, ತಮ್ಮನೋ? ಬಾಜಿ ಕಟ್ಟಿದರು. ನನ್ನ ಜನ್ಮದಲ್ಲಿ ಇಷ್ಟು ಚೆನ್ನಾಗಿ ಓದಿಲ್ಲ.

ಕೊನೆಯ ಪುಟ ಉಳಿಯಿತು. ರುಫೀನೊ ಕೆಸರುಗೈಯಲ್ಲೇ ಪುಸ್ತಕ ಮುಚ್ಚಿದ.

"ಇದನ್ನ ಹಾಗೇ ಇಟ್ಕೊ. ಇದೂ ಕೇಳ್ಬಿಟ್ರೆ ವಾಪಸ್ ಬರೋಕೆ ನಮಗೇನು ಉಳಿಯುತ್ತೆ?"

"ನಾನಿಲ್ವಾ?"

ಬಾಯಿಂದ ಬಂದೇ ಬಿಟ್ಟಿತು. ಎಲ್ಲರೆದುರು! ಅವನು ಪುಸ್ತಕದ ಮೇಲಿನ ಕೆಸರನ್ನು ಅಂಗಿಯ ತೋಳಿನಿಂದ ಒರೆಸಿದ. ಟ್ರಕ್ಕಿನವನು ಹಾರ್ನ್ ಹೊಡೆದ, ಹತ್ತಿದೆ. ಅವನು ಸತ್ತರೆ ನಾನೇನು ಮಾಡಲಿ?

ಅಕ್ಟೋಬರ್ 28

ಮುಗಿಯಿತು! ರಷ್ಯದವರು ರಾಕೆಟ್ ವಾಪಸ್ ಒಯ್ಯುತ್ತಾರೆ. ಅಂಗಳದಲ್ಲಿ ಒಬ್ಬಳೇ ಕುಣಿದೆ. ಆಮೇಲೆ ಪೂರ್ತಿ ಕೇಳಿದೆ. ದೊಡ್ಡವರಿಬ್ಬರೂ ತಮ್ಮತಮ್ಮಲ್ಲೇ ಕಾಗದ ಬರೆದು ಮುಗಿಸಿಕೊಂಡರಂತೆ. ನಮ್ಮನ್ನು ಒಂದು ಮಾತು ಕೇಳಲಿಲ್ಲ. ಕೆಸರಲ್ಲಿ ಕೂತವರು ಯಾರು, ಸ್ವಾಮಿ?

ಅಕ್ಟೋಬರ್ 29

ಪೇಪರ್ ಓದಿ ಮುಗಿಸಿದೆ. ಚೂರಿಗಳು ನೆಲಕ್ಕೆ ಬಿದ್ದವು. ಎಲ್ಲವೂ. ಆ ಸದ್ದು ಇನ್ನೂ ಎದೆಯಲ್ಲಿದೆ. ಕುರ್ಚಿಯಲ್ಲೇ ಅತ್ತುಬಿಟ್ಟೆ. ಎವೆಲಿಯಾ ಮೇಲೆ ಹತ್ತಿ ಬಂದು ಏಪ್ರನ್ ಎತ್ತಿ ನನ್ನ ಮೂಗು ಒರೆಸಿದಳು. ಅದು ನಿನಗಲ್ಲ ಕಣೇ, ಆ ಸುದ್ದಿಗೆ ಅಂದಳು. ಮಧ್ಯಾಹ್ನ ಕಂದಕದಲ್ಲಿ ಓದಿದ್ದನ್ನೆಲ್ಲ ಹೆಂಗಸರಿಗೂ ಓದಿದೆ, ಕೊನೆಯ ಪುಟ ಮಾತ್ರ ಓದು ಅಂತ ಅವಳು ಹಟ ಹಿಡಿಯಲಿಲ್ಲ. ಗಂಡಸರು ಬರಲಿ ಅಂದಳು.

ನವೆಂಬರ್ 26, ಊಟದ ಬಿಡುವು

ಬಂದರು! ಇಷ್ಟು ದಿನ ಕಾಯಿಸಿ ಬಂದರು! ಚೌಕಳಿ ಅಂಗಿಯವರು ಹಡಗು ಹತ್ತಿಯಾಯಿತು, ನಮ್ಮವರು ಬೆಂಚಿಗೆ ಮರಳಿದರು. ಪುಸ್ತಕ ತಿಂಗಳಿಡೀ ದಿಂಬಿನ ಕೆಳಗಿತ್ತು, ಆಣೆ, ನಾನು ನೋಡಿಲ್ಲ.

ರುಫೀನೊ ಸೊರಗಿದ್ದಾನೆ, ಕೆಮ್ಮುತ್ತಾನೆ. ನನ್ನ ಕುರ್ಚಿಯ ಮೆಟ್ಟಿಲ ಬಳಿ ಬಂದು ನಿಂತ. ಹಲ್ಲು ಕಿರಿಯಲಿಲ್ಲ.

"ಆ ವಿಷ ಯಾರಾದ್ರೂ ಹಾಕಿರ್ಲಿ, ಆಂಪಾರೊ. ನಾನು ಅದಕ್ಕೆ ಬಂದಿಲ್ಲ."

ನಾನೇನು ಹೇಳಿದೆನೋ ನೆನಪಿಲ್ಲ. ಗಂಟೆ ಹೊಡೆಯಿತು, ಎವೆಲಿಯಾ ಕೂಗುತ್ತಿದ್ದಾಳೆ, ಧ್ವನಿ ಬರುತ್ತೋ ಇಲ್ಲವೋ... ಇಲ್ಲಿಂದ ಹಾಲ್ ಕಾಣುತ್ತಿದೆ. ಒಂದು ಬೆಂಚೂ ಖಾಲಿ ಇಲ್ಲ, ದೇವರೇ, ಒಂದೂ —