ಮೇಜಿನ ಕೆಳಗಿನ ಹೆಬ್ಬೆರಳು

ಮಾರ್ಚ್ ೯, ಭಾನುವಾರ

ನಾಳೆ ಬೆಳಿಗ್ಗೆ ಆರಕ್ಕೆ ಡೈವಿಂಗ್ ದೋಣಿ. ನಿದ್ದೆ ಹತ್ತಿರವೂ ಸುಳಿಯುತ್ತಿಲ್ಲ.

ಸಮುದ್ರದಾಳಕ್ಕೆ ಇಳಿಯಲು ಕಲಿತದ್ದಕ್ಕೆ ಕೊಡುವ ಸ್ಕೂಬಾ ಕಾರ್ಡ್ ಕೈಗೆ ಬಂದು ನಾಲ್ಕೇ ದಿನ. ಕೊಡುವಾಗ ಡೈವಿಂಗ್ ಕಲಿಸಿದ ಮೇಷ್ಟ್ರು ಹೇಳಿದ್ದರು: "ಇಷ್ಟು ಬೇಗ ಮುಳುಗಿದ ಹಡಗಿನೊಳಗೆ ಮಾತ್ರ ಹೋಗ್ಬೇಡಮ್ಮ. ನೀರಲ್ಲಿ ಭಯ ಆದ್ರೆ ಹೆಬ್ಬೆರಳು ಮೇಲೆತ್ತು. ಜೊತೆಗಿರೋರು ಯಾಕೆ ಅಂತ ಕೇಳದೆ ಮೇಲೆ ಕರ್ಕೊಂಡು ಬರ್ಬೇಕು."

ಇವತ್ತು ಊಟದ ಮಧ್ಯೆ ಭಾವ, "ನಾಳೆ ನಾವಿಬ್ರೂ ಹಡಗಿನೊಳಗೇ ಹೋಗೋಣ. ನಾನಿದೀನಲ್ಲ," ಎಂದರು. ಮೂರು ವರ್ಷ ನನ್ನೊಡನೆ ಮಾತು ಬಿಟ್ಟಿದ್ದ ಮನುಷ್ಯ. ಅಕ್ಕನ ಕಣ್ಣು ತುಂಬಿತು. ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ನನಗೋ ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ.

"ಹೂಂ ಭಾವ" ಎಂದೆ.

ಮೇಜಿನ ಕೆಳಗೆ ನನ್ನ ಹೆಬ್ಬೆರಳು ಮೇಲೆತ್ತಿಯೇ ಇತ್ತು. ಊಟ ಮುಗಿಯುವವರೆಗೂ.