ಬಿರುಕಿಗೆ ಅಡ್ಡ ಅಂಟಿಸಿದ ಕಾಗದ

ಅಣ್ಣಾ,

ಈ ಚೀಟಿ ಕೀಳಬೇಡ, ನಿಂತಲ್ಲೇ ಓದು. ಹಳೇ ಮನೆಗೆ ಹೊಸ ಕೋಣೆ ಕೂಡುವಲ್ಲಿ ಬಿಟ್ಟ ಬಿರುಕಿಗೆ ಅಡ್ಡವಾಗಿ ಅಂಟಿಸಿದ್ದೇನೆ. ಗೋಡೆ ಸರಿದರೆ ಕಾಗದ ಹರಿಯಬೇಕು. ಇದರ ಕೆಳಗಿರುವ ಕಾಗದ ಯುಗಾದಿಯಂದು ಅಂಟಿಸಿದ್ದು. ಇಡೀ ಮಳೆಗಾಲ ಕಳೆದರೂ ಕೂದಲೆಳೆಯಷ್ಟೂ ಹರಿದಿಲ್ಲ. ಹೊಸ ಗೋಡೆ ತನ್ನ ಭಾರಕ್ಕೆ ತುಸು ಕೆಳಗೆ ಕೂತು ಬಿರುಕು ಬಿಟ್ಟಿತ್ತು, ಅಷ್ಟೇ.

ನೀನು ಬೆಳಗಾದರೆ ಟಾರ್ಚ್ ಹಿಡಿದು ಬಿರುಕು ನೋಡುವುದನ್ನು ನೋಡಿಯೇ ಆಯಿ ಹೆದರಿದ್ದು. ಅವಳ ಮೊಣಕಾಲಿಗೆಂದೇ ಬಚ್ಚಲು ಸೇರಿಸಿ ಕಟ್ಟಿಸಿದ ಕೋಣೆ. ಈಗ “ಆನು ಅಲ್ಲಿ ಮಲಗ್ತ್ನಿಲ್ಲೆ” ಅಂತ ಹಟ ಹಿಡಿದಿದ್ದಾಳೆ.

ನಾನು ಯಲ್ಲಾಪುರದಿಂದ ಬರುವುದು ಸಂಜೆ. ಮಧ್ಯಾಹ್ನ ಊಟ ಆದಮೇಲೆ ಹೊಸ ಕೋಣೆಯಲ್ಲಿ ಈ ಬಿರುಕಿನ ಗೋಡೆಗೇ ತಲೆ ಹಾಕಿ ನೀನು ಮಲಗು. ಬಾಗಿಲು ತೆರೆದಿರಲಿ. ಆಯಿಗೆ ನನ್ನ ಕಾಗದಕ್ಕಿಂತ ನಿನ್ನ ಗೊರಕೆಯ ಮೇಲೆ ನಂಬಿಕೆ ಜಾಸ್ತಿ.

ಚೇತನಾ