ಕಸಿಗಂಟಿನ ಮೇಲೊಂದು ಮೊಗ್ಗು

ಮಾರ್ಚ್ 3, ಬೆಳಿಗ್ಗೆ 6.40
ಎರಡು ಚೊಂಬು ನೀರು, ಎಂದಿನಂತೆ. ಗಿಡ ನೆಟ್ಟು ಹದಿನಾರು ದಿನ. ಮೊಣಕಾಲೆತ್ತರ. ಎಲೆ ಕಪ್ಪೋ ಕಡುಗೆಂಪೋ, ಇನ್ನೂ ತೀರ್ಮಾನವಾಗಿಲ್ಲ. ಬಿಸಿಲಿಗೆ ಹಿಡಿದರೆ ಒಳಗಿನಿಂದ ಕೆಂಪು ಹೊಮ್ಮುತ್ತದೆ. ಹೂವು ನಸುಗೆಂಪಂತೆ. ನರ್ಸರಿಯವನ ಮಾತು... ಬಿಟ್ಟ ಮೇಲೆ ನಂಬಿದರಾಯಿತು.
ಎಲೆಗೆ ಕಾಡಿಗೆ, ಹೂವು ನಾಳೆಗೆ. ಡಿಗ್ರಿಯಲ್ಲಿ ಛಂದಸ್ಸು ಓದಿದ್ದಕ್ಕೆ ಇಷ್ಟೇ ಫಲ.

ಮಾರ್ಚ್ 9
ಮಾವ ಕಿಟಕಿಯಿಂದಲೇ: "ಒಣಗಿದ ಗಿಡಕ್ಕೆ ಯಾಕಮ್ಮಾ ನೀರು ಸುರೀತೀಯ?"
"ಅದರ ಬಣ್ಣಾನೇ ಹಾಗೆ ಮಾವ."
"ನಲವತ್ತು ವರ್ಷ ಬಟ್ಟೆ ಹೊಲಿದೋನಿಗೆ ಬಣ್ಣ ಹೇಳಿಕೊಡ್ತೀಯಾ?"
ಎರಡನೇ ಚೊಂಬೂ ಸುರಿದೆ. ಮಾವನ ಕಣ್ಣಿಗೆ ಪೊರೆ ಬಂದು ಎರಡು ವರ್ಷ. ಕಡುಗೆಂಪು ಕೋಟಿಗೆ ಕಪ್ಪು ದಾರ ಹಾಕಿ, ಗಿರಾಕಿ ನಕ್ಕ ಮೇಲೆ ಅಂಗಡಿ ಮುಚ್ಚಿದರು. ಆಪರೇಷನ್ ಎಂದರೆ, "ನನ್ನ ಕಣ್ಣಿಗೇನಾಗಿದೆ? ಲೋಕಾನೇ ಮಸುಕಾಗಿದೆ."
ನನ್ನ ಗಂಡನ ಟೀಕೆ: "ಅಪ್ಪನಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ. ಗೋಡೆ ತಿರುಗಿ ಬೈಯಲ್ಲ, ಅಷ್ಟೇ."

ಮಾರ್ಚ್ 21
ಬುಡದಲ್ಲಿ ಎರಡು ಹಸಿರು ಚಿಗುರು! ಕಪ್ಪು ತಾಯಿಗೆ ಹಸಿರು ಮಕ್ಕಳೇ? ನರ್ಸರಿಯವನಿಗೆ ಫೋನ್.
"ಕಸಿ ಗಿಡ ಅಕ್ಕಾ. ಗಂಟಿನ ಕೆಳಗೆ ಬರೋದು ಕಾಡುಗಿಡ. ಕಿತ್ತುಬಿಡಿ, ಇಲ್ಲಾಂದ್ರೆ ಅದೇ ಯಜಮಾನ ಆಗುತ್ತೆ."
ನಾಡಿದ್ದು ಭಾನುವಾರ. ಆಗ ನೋಡೋಣ.

ಮಾರ್ಚ್ 23
ಮಾವ ನನಗಿಂತ ಮೊದಲೇ ಎದ್ದಿದ್ದರು. ಕೈಯಲ್ಲಿ ಬಟ್ಟೆ ಕತ್ತರಿ. ಹಸಿರು ಎರಡನ್ನೂ ಜೋಪಾನವಾಗಿ ಬಿಟ್ಟು, ಕಪ್ಪು ಕಾಂಡವನ್ನು ಗಂಟಿನ ಮೇಲೆ ಬೆರಳಗಲ ಉಳಿಸಿ ಕತ್ತರಿಸಿದ್ದಾರೆ. ಅಳತೆ ಮಾತ್ರ ಅಚ್ಚುಕಟ್ಟು.
"ಒಣಗಿದ್ದು ತೆಗೆದೆ ಕಣಮ್ಮಾ, ಇನ್ನು ನೋಡು ಹೇಗೆ—" ಎನ್ನುತ್ತಾ ಕೊಯ್ದ ತುದಿಗೆ ಹೆಬ್ಬೆರಳು ಒತ್ತಿದರು. ಬೆರಳು ಒದ್ದೆ.
"ಒಣಗಿರ್ಲಿಲ್ವಾ?"
"ಇಲ್ಲ ಮಾವ."
ಬೈಯಲು ಮಾತು ಕೂಡಿಟ್ಟಿದ್ದೆ, ಪ್ರಾಸ ಸಮೇತ. ಅವರ ಮುಖ ನೋಡಿ ನುಂಗಿಕೊಂಡೆ.

ಮಾರ್ಚ್ 24
ಹಸಿರು ಚಿಗುರು ಕಿತ್ತೆ. ಉಳಿದದ್ದು ಮೋಟು ಕಡ್ಡಿ. ಗಂಟಿನ ಮೇಲೆ ಸಾಸಿವೆಯಷ್ಟು ಉಬ್ಬು... ಮೊಗ್ಗೋ, ಗಾಯವೋ? "ಮೇಲಿಂದ ಬಂದ್ರೆ ಕಪ್ಪೇ ಅಕ್ಕಾ, ಕಾಯಿರಿ," ಎಂದ ನರ್ಸರಿಯವನು.
ಮಾವ ಕಾಫಿ ಲೋಟಕ್ಕೆ ಹೇಳುವಂತೆ: "ಆ ಕಣ್ಣಿನ ಡಾಕ್ಟ್ರು ಮಂಗಳವಾರ ಇರ್ತಾರಾ?"

ಏಪ್ರಿಲ್ 17, ಬೆಳಿಗ್ಗೆ 7.10
ಮಾವನ ಬಲಗಣ್ಣಿನ ಆಪರೇಷನ್ ಆಗಿ ಆರು ದಿನ. ಗಿಡದ ಉಬ್ಬು ಇಂದು ಒಡೆದಿದೆ. ಎರಡು ಎಲೆ, ಅಕ್ಕಿಕಾಳಿನಷ್ಟು. ಬಣ್ಣ ನಾನು ಹೇಳಲಿಲ್ಲ.
ಮಾವ ಕರಿ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತರು. ಎದ್ದು ಹೋಗಿ ದಾರದ ಡಬ್ಬಿ ತಂದರು. ಎರಡು ವರ್ಷದಿಂದ ಮುಟ್ಟದ ಡಬ್ಬಿ. ಕಪ್ಪು ಉಂಡೆಯ ಎಳೆ ಎಲೆಗೆ ಹಿಡಿದರು. ಅಲ್ಲ. ಕಂದು... ಅದೂ ಅಲ್ಲ. ಈಗ ಡಬ್ಬಿಯ ತಳ ಕೆದಕುತ್ತಿದ್ದಾರೆ. ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ನೋಡದವಳಂತೆ. ಕಡುಗೆಂಪು ಸಿಕ್ಕಿತು—
"ಬಾರಮ್ಮಾ ಬೇಗ! ದಾರ ಎಲೆ ಮೇಲಿಟ್ಟೆ, ದಾರಾನೇ ಕಾಣ್ತಿಲ್ಲ!"
ಬಂದೆ ಮಾವ, ಈ ಸಾಲು ಮುಗಿ